ಓದುಗರ ಪ್ರಶ್ನೆ, ಹಡಗಿನವನ ಉತ್ತರ: ‘ಕ್ವೀನ್ ಮೇರಿ’ ಏಕೆ ನಿಲ್ಲಲಿಲ್ಲ?

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ‘ಕ್ವೀನ್ ಮೇರಿ’ ಹಡಗು ತನ್ನದೇ ಪಕ್ಷದ ಯುದ್ಧನೌಕೆಯನ್ನು ಸೀಳಿಹಾಕಿ, ನೀರಿಗೆ ಬಿದ್ದವರನ್ನು ಎತ್ತಿಕೊಳ್ಳದೆ ಮುಂದೆ ಹೋಯಿತು ಎಂದು ಓದಿದೆ. ಇದು ನಿಜವೇ? ನಿಜವಾದರೆ ಇದಕ್ಕಿಂತ ಅಮಾನುಷವಾದದ್ದು ಇನ್ನೇನಿದೆ?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಜ. 1942ರ ಅಕ್ಟೋಬರ್ 2ರ ಮಧ್ಯಾಹ್ನ, ಐರ್ಲೆಂಡಿನ ಉತ್ತರದ ಸಮುದ್ರದಲ್ಲಿ ನಡೆದದ್ದು. ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ನನ್ನನ್ನೂ ಈ ಘಟನೆ ಬಹಳ ಕಾಡಿದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಪ್ರಯಾಣಿಕರಿಗಾಗಿ ಕಟ್ಟಿದ ಈ ಬ್ರಿಟಿಷ್ ಹಡಗಿಗೆ ಯುದ್ಧದಲ್ಲಿ ಇದ್ದ ನಿಜವಾದ ರಕ್ಷಣೆ ಅದರ ಓಟ. ಮೈಮೇಲೆ ಕೆಲವು ತೋಪುಗಳನ್ನು ಕೂರಿಸಿದ್ದರೂ ಅವುಗಳನ್ನು ನಂಬಿ ಯಾರೂ ಸಮುದ್ರಕ್ಕೆ ಇಳಿಯುತ್ತಿರಲಿಲ್ಲ. ಜರ್ಮನಿಯ ಜಲಾಂತರ್ಗಾಮಿಗಳು ನೀರಿನ ಮೇಲೆ ಸುಮಾರು 17 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗದಲ್ಲಿ ಓಡುತ್ತಿದ್ದವು, ಮುಳುಗಿದರೆ ಏಳೆಂಟು ನಾಟ್. ಕ್ವೀನ್ ಮೇರಿಯ ಓಟ 28 ನಾಟ್‌ಗೂ ಮೇಲೆ, ಎಂದರೆ ಗಂಟೆಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಹಿಂದಿನಿಂದ ಬೆನ್ನಟ್ಟಿ ಹಿಡಿಯುವುದು ಆಗದ ಮಾತು. ದಾರಿಯಲ್ಲಿ ಮೊದಲೇ ಹೊಂಚು ಹಾಕಿ ಕುಳಿತವರು ಗುರಿ ಹಿಡಿಯದಂತೆ ಹಡಗು ನೇರ ಹೋಗದೆ ನಲವತ್ತು ನಿಮಿಷಕ್ಕೊಂದು ಆವರ್ತನದಂತೆ ಬಲಕ್ಕೂ ಎಡಕ್ಕೂ ತಿರುಗುತ್ತಾ ಅಂಕುಡೊಂಕಾಗಿ ಓಡುತ್ತಿತ್ತು. ನಡುಸಾಗರದಲ್ಲಿ ಬೆಂಗಾವಲೇ ಇರುತ್ತಿರಲಿಲ್ಲ, ಏಕೆಂದರೆ ಅದರ ಜೊತೆಗೆ ದಿನಗಟ್ಟಲೆ ಓಡಬಲ್ಲ ಬೆಂಗಾವಲು ನೌಕೆಗಳು ವಿರಳ.

ಬ್ರಿಟನ್ ಹತ್ತಿರ ಬಂದಾಗ ಮಾತ್ರ ವಿಮಾನ ದಾಳಿಯ ಭಯ. ಅದಕ್ಕಾಗಿ ‘ಕ್ಯುರಸೋವ’ ಎಂಬ ಹಳೆಯ ಕ್ರೂಸರ್, ಎಂದರೆ ಬ್ರಿಟಿಷ್ ನೌಕಾಪಡೆಯ ಯುದ್ಧನೌಕೆ, ಎದುರುಗೊಳ್ಳಲು ಬಂದಿತ್ತು. ಮೊದಲ ಮಹಾಯುದ್ಧದ ಕಾಲದ ನೌಕೆ. ವಿಮಾನ ಹೊಡೆಯುವ ತೋಪುಗಳನ್ನು ಹಾಕಿ ಸಜ್ಜು ಮಾಡಿದ್ದರು. ಆ ತೋಪುಗಳು ಉಪಯೋಗಕ್ಕೆ ಬರಬೇಕಾದರೆ ಅದು ದೊಡ್ಡ ಹಡಗಿನ ಮಗ್ಗುಲಲ್ಲೇ ಇರಬೇಕು. ಆದರೆ ಅದರ ಗರಿಷ್ಠ ವೇಗವೇ 25 ನಾಟ್. ಇಡೀ ದುರಂತ ಈ ಮೂರು ನಾಟ್ ವ್ಯತ್ಯಾಸದಲ್ಲಿದೆ. ಕ್ಯುರಸೋವ ನೇರ ದಾರಿಯಲ್ಲಿ ಪೂರ್ಣ ವೇಗದಲ್ಲಿ ಹೋಗುತ್ತಿದ್ದರೂ, ಅಂಕುಡೊಂಕಾಗಿ ಬರುತ್ತಿದ್ದ ಕ್ವೀನ್ ಮೇರಿ ಅದನ್ನು ನಿಧಾನವಾಗಿ ಸಮೀಪಿಸುತ್ತಲೇ ಇತ್ತು. ಕ್ರೂಸರಿನ ಕಪ್ತಾನ ಬೌಟ್‌ವುಡ್, ದೊಡ್ಡ ಹಡಗು ತನ್ನನ್ನು ದಾಟಿ ಮುಂದೆ ಹೋಗುತ್ತದೆ, ತಾನು ಹಿಂದೆ ಸೇರಿಕೊಳ್ಳಬಹುದು ಎಂದುಕೊಂಡಿದ್ದರು. ಕ್ವೀನ್ ಮೇರಿಯ ಕಪ್ತಾನ ಇಲಿಂಗ್‌ವರ್ತ್, ಬೆಂಗಾವಲಿನವರು ಇದರಲ್ಲಿ ಪಳಗಿದವರು, ಅವರೇ ದಾರಿ ಬಿಟ್ಟುಕೊಡುತ್ತಾರೆ ಎಂದುಕೊಂಡಿದ್ದರು. ಇಬ್ಬರೂ ಅನುಭವಿಗಳು.

ಮಧ್ಯಾಹ್ನ ಎರಡು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ, ಎಂಬತ್ತೊಂದು ಸಾವಿರ ಟನ್ನಿನ ಹಡಗು ನಾಲ್ಕು ಸಾವಿರ ಟನ್ನಿನ ನೌಕೆಯನ್ನು ಅಡ್ಡಲಾಗಿ ಎರಡು ಹೋಳು ಮಾಡಿ ಹಾದುಹೋಯಿತು. ಹಿಂಭಾಗ ಕೂಡಲೇ ಮುಳುಗಿತು, ಮುಂಭಾಗ ಕೆಲವೇ ನಿಮಿಷಗಳಲ್ಲಿ. ಕ್ವೀನ್ ಮೇರಿಯ ಒಳಗಿದ್ದ ಅನೇಕರಿಗೆ ಸಣ್ಣದೊಂದು ಅದುರು ತಿಳಿಯಿತಂತೆ, ಅಷ್ಟೇ. ಇದನ್ನು ಓದಿದಾಗ ನನಗೆ ಕೈ ಕಾಲು ತಣ್ಣಗಾಗಿತ್ತು. ಎಂಜಿನ್ ಕೋಣೆಯಲ್ಲಿರುವವನಿಗೆ ಹೊರಗಿನದು ಏನೂ ಕಾಣುವುದಿಲ್ಲ. ಮೇಲಿನಿಂದ ಬರುವ ಗಂಟೆಯ ಸದ್ದು, ಮುಳ್ಳು ತೋರಿಸುವ ಆಜ್ಞೆ, ಇಷ್ಟೇ ಅವನ ಪ್ರಪಂಚ. ಅಂದು ಟರ್ಬೈನ್‌ಗಳ ಮುಂದೆ ನಿಂತಿದ್ದವರು ಒಂದು ಅದುರನ್ನು ಅನುಭವಿಸಿ, ಮತ್ತೆ ಒತ್ತಡದ ಮಾಪಕದ ಕಡೆ ಕಣ್ಣು ತಿರುಗಿಸಿರಬೇಕು.

ಹಡಗು ನಿಲ್ಲಲಿಲ್ಲ. ಯಾವ ಕಾರಣಕ್ಕೂ ನಿಲ್ಲಬಾರದು ಎಂಬ ಆಜ್ಞೆ ಇತ್ತು. ಒಳಗೆ ಸುಮಾರು ಹತ್ತು ಸಾವಿರ ಅಮೆರಿಕನ್ ಸೈನಿಕರಿದ್ದರು. ನಿಂತ ಹಡಗು ಟಾರ್ಪೆಡೊಗೆ ತುತ್ತು. ಜೊತೆಗಿದ್ದ ಡೆಸ್ಟ್ರಾಯರ್‌ಗಳಾದ (ಸಣ್ಣ ಬೆಂಗಾವಲು ಯುದ್ಧನೌಕೆಗಳು) ಬ್ರ್ಯಾಮ್‌ಹ್ಯಾಮ್ ಮತ್ತು ಕೌಡ್ರೇ ಆಮೇಲೆ ಬಂದು, ಕಪ್ತಾನ ಬೌಟ್‌ವುಡ್ ಸೇರಿ 101 ಮಂದಿಯನ್ನು ಎತ್ತಿಕೊಂಡವು. 330ಕ್ಕೂ ಹೆಚ್ಚು ನಾವಿಕರು ಸತ್ತರು. ಕ್ವೀನ್ ಮೇರಿ ನಜ್ಜುಗುಜ್ಜಾದ ಮೂತಿಯೊಂದಿಗೆ ವೇಗ ತಗ್ಗಿಸಿಕೊಂಡು ಸ್ಕಾಟ್ಲೆಂಡ್ ಮುಟ್ಟಿ, ತಾತ್ಕಾಲಿಕ ರಿಪೇರಿ ಮಾಡಿಸಿಕೊಂಡು, ಪೂರ್ಣ ರಿಪೇರಿಗೆ ಅಮೆರಿಕದ ಬಾಸ್ಟನ್ನಿಗೆ ಹೋಯಿತು. ಕಂಡವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕೆಂದು ಕಟ್ಟಪ್ಪಣೆಯಾಯಿತು. ಯುರೋಪಿನಲ್ಲಿ ಯುದ್ಧ ಮುಗಿಯುವವರೆಗೂ ಸುದ್ದಿ ಹೊರಬೀಳಲಿಲ್ಲ.

ಅಮಾನುಷವೇ ಎಂದು ಕೇಳಿದ್ದೀರಿ. ಒಮ್ಮೆ ಅರಬ್ಬಿ ಸಮುದ್ರದಲ್ಲಿ ನಮ್ಮ ಹಡಗು ಮಗುಚಿದ ಮೀನುಗಾರರ ದೋಣಿಯೊಂದನ್ನು ಕಂಡು ನಿಂತಿತು. ಕೆಳಗಿದ್ದ ನನಗೆ ‘ನಿಲ್ಲಿಸು’ ಎಂಬ ಗಂಟೆ ಮಾತ್ರ ಕೇಳಿಸಿತು. ಪಾಳಿ ಮುಗಿದು ಮೇಲೆ ಬಂದಾಗ ಅಡುಗೆ ಕೋಣೆಯ ಬಾಗಿಲಲ್ಲಿ ಕಂಬಳಿ ಹೊದ್ದ ಮೂವರು ಕುಳಿತಿದ್ದರು. ಅವರಲ್ಲೊಬ್ಬ ಚಹಾದ ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಲೋಟ ಅವನ ಹಲ್ಲಿಗೆ ತಾಗಿ ಟಕಟಕ ಎನ್ನುತ್ತಿತ್ತು. ನೀರಿಗೆ ಬಿದ್ದವನನ್ನು ಎತ್ತಿಕೊಳ್ಳುವುದು ಕಡಲಿನ ಮೊದಲ ಧರ್ಮ. ಅದನ್ನು ಬಲ್ಲವನಾಗಿ ಹೇಳುತ್ತೇನೆ: ಅಂದು ನಿಲ್ಲದೆ ಹೋದ ಕಪ್ತಾನನನ್ನು ನಾನು ದೂರಲಾರೆ. ನಿಂತು ಹತ್ತು ಸಾವಿರ ಜನರನ್ನು ಕಳೆದುಕೊಂಡಿದ್ದರೆ ಯಾರು ಯಾರಿಗೆ ಉತ್ತರ ಹೇಳಬೇಕಿತ್ತು? ನನ್ನ ಸಿಟ್ಟು ಅದಕ್ಕಿಂತ ಮೊದಲಿನ ಗಳಿಗೆಗಳ ಮೇಲೆ. ಹಗಲು ಬೆಳಕು, ಎದುರಿಗೆ ಸ್ಪಷ್ಟವಾಗಿ ಕಾಣುತ್ತಿರುವ ಎರಡು ಹಡಗುಗಳು, ಸಂದೇಶ ಕಳಿಸಲು ಸಾಧನಗಳು, ಎಲ್ಲವೂ ಇದ್ದವು. ದಾರಿ ಯಾರು ಬಿಡಬೇಕೆಂಬ ಒಂದು ಮಾತನ್ನು ಮೊದಲೇ ಖಚಿತ ಮಾಡಿಕೊಂಡಿರಲಿಲ್ಲ.

ನ್ಯಾಯಾಲಯವೂ ಇಲ್ಲಿಯೇ ತಡಕಾಡಿತು. 1947ರಲ್ಲಿ ನ್ಯಾಯಾಧೀಶರು ಪೂರ್ತಿ ತಪ್ಪು ಕ್ರೂಸರಿನದೇ ಎಂದರು. ಮೇಲ್ಮನವಿಯಲ್ಲಿ ಮೂರರಲ್ಲಿ ಎರಡು ಪಾಲು ನೌಕಾಪಡೆಯ ತಪ್ಪು, ಒಂದು ಪಾಲು ಹಡಗು ಕಂಪನಿಯದು ಎಂದಾಯಿತು. 1949ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆಯೂ ಅದನ್ನೇ ಎತ್ತಿಹಿಡಿಯಿತು. ನನಗೂ ಈ ಲೆಕ್ಕ ಸರಿ ಎನಿಸುತ್ತದೆ.

ಪ್ರಶ್ನೆ: ಎರಡು ಸಾವಿರ ಚಿಲ್ಲರೆ ಪ್ರಯಾಣಿಕರಿಗಾಗಿ ಕಟ್ಟಿದ ಹಡಗಿನಲ್ಲಿ ಹದಿನಾರು ಸಾವಿರ ಜನ ಹೇಗೆ ಹಿಡಿಸಿದರು?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: 1943ರ ಜುಲೈ ಕೊನೆಯಲ್ಲಿ ನ್ಯೂಯಾರ್ಕಿನಿಂದ ಹೊರಟಾಗ ಸಿಬ್ಬಂದಿ ಸೇರಿ 16,683 ಜನರಿದ್ದರು. ಒಂದೇ ಹಡಗಿನಲ್ಲಿ ಇಷ್ಟು ಜನ ಪ್ರಯಾಣಿಸಿದ ದಾಖಲೆ ಇಂದಿಗೂ ಮುರಿದಿಲ್ಲ. ಕಬ್ಬಿಣದ ಕೊಳವೆಯ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದ ಮಂಚಗಳನ್ನು ಒಂದರ ಮೇಲೊಂದು ಏರಿಸಿದ್ದರು. ಮೇಲೆ ಮಲಗಿದವನ ಬೆನ್ನು ಕೆಳಗಿನವನ ಮೂಗಿಗೆ ತಾಗುವಷ್ಟು ಹತ್ತಿರ. ನೀರು ಖಾಲಿ ಮಾಡಿದ ಈಜುಕೊಳದಲ್ಲೂ ಮಂಚಗಳು. ಬೇಸಿಗೆಯಲ್ಲಿ ಒಂದೇ ಮಂಚಕ್ಕೆ ಪಾಳಿಯ ಮೇಲೆ ಮಲಗುವವರು, ಉಳಿದವರಿಗೆ ಡೆಕ್ಕೇ ಹಾಸಿಗೆ. ದಿನಕ್ಕೆ ಎರಡೇ ಊಟ, ಅದೂ ಪಂಕ್ತಿ ಪಂಕ್ತಿಯಾಗಿ. ಹಡಗನ್ನು ಕೆಂಪು, ಬಿಳಿ, ನೀಲಿ ಎಂದು ಮೂರು ಭಾಗ ಮಾಡಿ, ಸೈನಿಕನ ಅಂಗಿಗೆ ಆ ಬಣ್ಣದ ಬಿಲ್ಲೆ ಹಚ್ಚುತ್ತಿದ್ದರು. ತನ್ನ ಬಣ್ಣ ಬಿಟ್ಟು ಬೇರೆ ಭಾಗಕ್ಕೆ ಕಾಲಿಡುವಂತಿಲ್ಲ, ಏಕೆಂದರೆ ಸಾವಿರಾರು ಜನ ಒಂದೇ ಬದಿಗೆ ಸೇರಿದರೆ ಹಡಗು ವಾಲುತ್ತದೆ.

ರಕ್ಷಣಾ ದೋಣಿಗಳು ಇಷ್ಟು ಜನಕ್ಕೆ ಎಲ್ಲಿ ಸಾಲಬೇಕು? ಅಮೆರಿಕದ ಸೇನಾಧಿಪತಿ ಮಾರ್ಷಲ್ ಇದನ್ನೇ ಬ್ರಿಟನ್ನಿನ ಪ್ರಧಾನಿ ಚರ್ಚಿಲ್‌ರನ್ನು ಕೇಳಿದ್ದರು. ಯುದ್ಧ ಕಾರ್ಯಾಚರಣೆಗೆ ನೇರ ಅಗತ್ಯವಿದ್ದರೆ ನಾವಾದರೆ ಹಿಡಿಸುವಷ್ಟು ಜನರನ್ನು ಹತ್ತಿಸುತ್ತೇವೆ, ಕೇವಲ ಸಾಗಾಟವಾದರೆ ದೋಣಿ ತೆಪ್ಪಗಳ ಮಿತಿ ಮೀರುವುದಿಲ್ಲ, ನಿರ್ಧಾರ ನಿಮ್ಮದು ಎಂಬ ಅರ್ಥದ ಉತ್ತರ ಬಂತು. ಮಾರ್ಷಲ್ ಹತ್ತಿಸಿದರು. ಹಿಂದಿನ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಇದನ್ನೂ ಓದಲಿ. ನಿಲ್ಲಬಾರದೆಂಬ ಆಜ್ಞೆ ಹುಟ್ಟಿದ್ದು ಇದೇ ಲೆಕ್ಕಾಚಾರದಿಂದ.

ಪ್ರಶ್ನೆ: ನಮ್ಮ ಅಜ್ಜ ಉಡುಪಿ ಕಡೆಯಿಂದ ಬೊಂಬಾಯಿಗೆ ಬಂದು ಹೋಟೆಲಿನಲ್ಲಿದ್ದವರು. ಯುದ್ಧದ ಕಾಲದಲ್ಲಿ ಕ್ವೀನ್ ಮೇರಿ ಬೊಂಬಾಯಿಗೆ ಬಂದಿತ್ತೆಂದು ಹೇಳುತ್ತಿದ್ದರು. ಇದು ನಂಬುವ ಮಾತೇ?
— ಓದುಗರು, ಮುಂಬಯಿ

ಉತ್ತರ: ನಂಬಿ. 1940ರ ನವೆಂಬರ್‌ನಲ್ಲಿ ಆಸ್ಟ್ರೇಲಿಯದ ಸೈನಿಕರನ್ನು ಹೊತ್ತು ಅದು ಬೊಂಬಾಯಿಗೆ ಬಂದಿತ್ತು. ಅಲ್ಲಿ ಇಳಿದವರು ಬೇರೆ ಹಡಗುಗಳನ್ನು ಹತ್ತಿ ಮಧ್ಯಪ್ರಾಚ್ಯದ ಕಡೆ ಹೋದರು. ಆಗ ಅದರ ಮೈಯೆಲ್ಲ ಬೂದು ಬಣ್ಣ. ಕಪ್ಪು ಬಿಳಿ ಒಡಲು, ಕೆಂಪು ಹೊಗೆಕೊಳವೆಗಳ ಹಡಗಿಗೆ ಯುದ್ಧ ಶುರುವಾದ ಮೇಲೆ ಆ ಬಣ್ಣ ಬಳಿದಿದ್ದರು. ‘ಬೂದು ಭೂತ’ ಎಂಬ ಹೆಸರು ಬಂದದ್ದು ಅದರಿಂದಲೇ. ಅಜ್ಜ ಹೇಳಿದ್ದನ್ನು ದಯವಿಟ್ಟು ಬರೆದಿಡಿ.

ಪ್ರಶ್ನೆ: ಆ ಹಡಗು ಈಗ ಎಲ್ಲಿದೆ? ನೋಡಬಹುದೇ?
— ಗೃಹಿಣಿ, ಶಿವಮೊಗ್ಗ

ಉತ್ತರ: ಕ್ಯಾಲಿಫೋರ್ನಿಯದ ಲಾಂಗ್ ಬೀಚಿನಲ್ಲಿದೆ. 1967ರ ಡಿಸೆಂಬರ್‌ನಲ್ಲಿ ಅಲ್ಲಿ ಸೇರಿತು. ಮಗಳ ಮನೆಗೆ ಹೋದಾಗ ನಾನೂ ನೋಡಿ ಬಂದೆ. ಬಾಯ್ಲರುಗಳನ್ನು ತೆಗೆದುಹಾಕಿದ್ದಾರೆ, ಹಿಂದಿನ ಎಂಜಿನ್ ಕೋಣೆ ಉಳಿದಿದೆ. ಟರ್ಬೈನಿನ ಹೊರಕವಚದ ಮೇಲೆ ಅಂಗೈ ಇಟ್ಟೆ, ತಣ್ಣಗಿತ್ತು. ನಾನು ದುಡಿದ ಯಾವ ಎಂಜಿನ್ನಿನ ಮೇಲೂ ಹಾಗೆ ಕೈ ಇಟ್ಟು ನಿಲ್ಲಲು ಆಗುತ್ತಿರಲಿಲ್ಲ. ಹಡಗಿನ ನಾಲ್ಕು ಪ್ರೊಪೆಲ್ಲರುಗಳಲ್ಲಿ ಒಂದನ್ನು ಅದರ ಜಾಗದಲ್ಲೇ, ನೀರಿನೊಳಗೇ ಬಿಟ್ಟಿದ್ದಾರೆ. ಸುತ್ತ ಉಕ್ಕಿನ ದೊಡ್ಡ ಪೆಟ್ಟಿಗೆ ಕಟ್ಟಿ ಮೇಲಿನಿಂದ ಬಗ್ಗಿ ನೋಡುವಂತೆ ಮಾಡಿದ್ದಾರೆ. ಹಸಿರು ನೀರಿನಲ್ಲಿ ಮೂವತ್ತು ಟನ್ನಿಗೂ ಮಿಗಿಲಾದ ಆ ಲೋಹದ ಹೂವು ಅಲುಗದೆ ನಿಂತಿದೆ. ಹೋದವರಲ್ಲಿ ಹೆಚ್ಚಿನವರು ಮೇಲಿನ ಊಟದ ಸಾಲೆ ನೋಡಿ ಹಿಂತಿರುಗುತ್ತಾರೆ. ನೀವು ಹೋದರೆ ಮೊದಲು ಕೆಳಗಿಳಿಯಿರಿ. ಮೆಟ್ಟಿಲು ಕಡಿದಾಗಿದೆ, ಚಪ್ಪಲಿ ಜಾರದಂಥದ್ದಿರಲಿ.