ಬಹುವಚನ ಸಂಪಾದಿಸಿದ ಕೈದಿ

ನಿಮ್ಮ ಪ್ರಶ್ನೆ ಇಷ್ಟು: ‘ಹೊಟ್ಟೆಪಾಡಿಗೆ ಪರದೇಶಕ್ಕೆ ಹೋದವನು ಅಲ್ಲಿ ಅಪರಾಧ ಮಾಡಿ ಜೈಲು ಸೇರಿ, ಆಮೇಲೆ ಹೋರಾಟಗಾರನಾದ ಎಂದರೆ ನಂಬಬಹುದೇ? ಬಿಡುಗಡೆಗಾಗಿ ಹೂಡಿದ ನಾಟಕವಲ್ಲವೇ ಅದು?’ ಎರಡನೆಯ ವಾಕ್ಯದಲ್ಲಿ ಸ್ವಲ್ಪ ಕೊಂಕಿದೆ, ಇರಲಿ. ಆ ಅನುಮಾನ ನನಗೂ ಇತ್ತು. ಅದನ್ನು ಕಳೆದದ್ದು ಕ್ಯಾಲಿಫೋರ್ನಿಯಾದ ಎಡ್ಡಿ ಝೆಂಗ್ ಎಂಬವರ ಬದುಕು. ನಾನು ಅವರನ್ನು ಭೇಟಿಯಾದವನಲ್ಲ. ಅವರಿದ್ದ ಜೈಲನ್ನು ಮಾತ್ರ ನಾಲ್ಕು ವರ್ಷ, ದಿನಕ್ಕೆರಡು ಬಾರಿ, ಹೊರಗಿನಿಂದ ನೋಡಿದ್ದೇನೆ.

ಲಾರ್ಕ್‌ಸ್ಪರ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ಫೆರಿ ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಸ್ಯಾನ್ ಕ್ವೆಂಟಿನ್ ಜೈಲು ಎದುರಾಗುತ್ತದೆ. 1852ರಿಂದ ಇರುವ ಜೈಲು. ಶ್ರೀಮಂತರು ಕೋಟಿಗಟ್ಟಲೆ ಸುರಿದು ಕೊಳ್ಳುವ ಕೊಲ್ಲಿಯ ನೋಟ ಅದರ ಅಂಗಳಕ್ಕೆ ಪುಕ್ಕಟೆ. ಇನ್ನೂ ಮುಂದೆ ಹೋದರೆ ಏಂಜೆಲ್ ದ್ವೀಪ. ಚೀನಾದಿಂದ ಹಡಗಿನಲ್ಲಿ ಬಂದವರನ್ನು 1910ರಿಂದ 1940ರವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೂಡಿಹಾಕಿ ವಿಚಾರಣೆ ಮಾಡುತ್ತಿದ್ದ ಜಾಗ ಅದು. ಮರದ ಗೋಡೆಗಳಲ್ಲಿ ಅವರು ಕೆತ್ತಿದ ಕವಿತೆಗಳು ಇಂದಿಗೂ ಇವೆ. ಒಂದೇ ಟಿಕೆಟ್ಟಿಗೆ ಎರಡು ಸೆರೆಮನೆ. ನಾನೋ, ಬಹುಕಾಲ ಎರಡನ್ನೂ ನೋಡದೆ ಮೊಬೈಲ್ ನೋಡುತ್ತಾ ಕೂತಿದ್ದೆ.

ಎಡ್ಡಿ ಹುಟ್ಟಿದ್ದು ಚೀನಾದ ಗುವಾಂಗ್‌ಝೌನಲ್ಲಿ, 1969ರಲ್ಲಿ. ಹನ್ನೆರಡನೆಯ ವಯಸ್ಸಿನಲ್ಲಿ ಮನೆಯವರೊಂದಿಗೆ ಓಕ್‌ಲ್ಯಾಂಡಿಗೆ ಬಂದ. (ಸದ್ಯಕ್ಕೆ ಏಕವಚನದಲ್ಲೇ ಹೇಳುತ್ತೇನೆ. ಬಹುವಚನ ಮುಂದೆ ಬರುತ್ತದೆ.) ಅಪ್ಪ ಅಮ್ಮ ದಿನವಿಡೀ ದುಡಿಮೆಯಲ್ಲಿ. ಶಾಲೆಯಲ್ಲಿ ಅರ್ಥವಾಗದ ಇಂಗ್ಲಿಷ್. ಮುಂದಿನ ಕಥೆ ಯಾವ ವಲಸಿಗರ ಕೇರಿಯಲ್ಲೂ ಕೇಳಿಬರುವಂಥದ್ದೇ: ಶಾಲೆ ತಪ್ಪಿಸಿದ, ಅಂಗಡಿಗಳಲ್ಲಿ ಕದ್ದ, ತನ್ನಂಥವರೇ ಗೆಳೆಯರಾದರು. 1986ರ ಜನವರಿಯಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಇಬ್ಬರು ಗೆಳೆಯರ ಜೊತೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ಮೂಲದ ವ್ಯಾಪಾರಿಯೊಬ್ಬರ ಮನೆಗೆ ಪಿಸ್ತೂಲು ಹಿಡಿದು ನುಗ್ಗಿದ. ಮನೆಯಲ್ಲಿ ಮಕ್ಕಳಿದ್ದರು. ಗಂಟೆಗಟ್ಟಲೆ ಆ ಸಂಸಾರವನ್ನು ಕಟ್ಟಿಹಾಕಿ ದೋಚಿದರು. ಇದು ‘ಹುಡುಗಾಟದ ತಪ್ಪು’ ಅಲ್ಲ. ಹಾಗೆ ತೇಲಿಸಿ ಬರೆದವರ ಲೇಖನಗಳನ್ನು ಓದಿ ನನಗೆ ಸಿಟ್ಟು ಬಂದಿದೆ. ಹಣೆಗೆ ಪಿಸ್ತೂಲು ಹಿಡಿದವನ ವಯಸ್ಸು ಎಷ್ಟೆಂದು ಕಟ್ಟಿಹಾಕಿಸಿಕೊಂಡವರು ಲೆಕ್ಕ ಹಾಕುವುದಿಲ್ಲ.

ಹುಡುಗನನ್ನು ವಯಸ್ಕನೆಂದೇ ಪರಿಗಣಿಸಿ ವಿಚಾರಣೆ ನಡೆಯಿತು. ಶಿಕ್ಷೆ: ಏಳು ವರ್ಷದಿಂದ ಜೀವಾವಧಿ. ನಮಗೆ ವಿಚಿತ್ರವೆನಿಸುವ ಈ ಲೆಕ್ಕದಲ್ಲಿ ಕೆಳಗಿನ ಗಡಿ ಮಾತ್ರ ಖಚಿತ. ಆಮೇಲೆ ಬಿಡುವುದೂ ಬಿಡದಿರುವುದೂ ಪೆರೋಲ್ (ಅಲ್ಲಿ ಅದು ನಾಲ್ಕು ದಿನದ ರಜೆಯಲ್ಲ, ಷರತ್ತಿನ ಬಿಡುಗಡೆ) ಮಂಡಳಿಯ ಕೈಯಲ್ಲಿ. ಮಂಡಳಿಯ ಮುಂದೆ ಹೋಗುವುದು, ‘ಇಲ್ಲ’ ಎನಿಸಿಕೊಂಡು ಕೋಣೆಗೆ ಮರಳುವುದು, ಹೀಗೇ ವರ್ಷಗಳು ಉರುಳಿದವು. ಅಷ್ಟರಲ್ಲಿ ಅವನು ಇಂಗ್ಲಿಷ್ ಕಲಿತ, ಪ್ರೌಢಶಾಲೆಗೆ ಸಮನಾದ ಪರೀಕ್ಷೆ ಮುಗಿಸಿದ, ಜೈಲಿನೊಳಗೇ ನಡೆಯುತ್ತಿದ್ದ ಕಾಲೇಜಿನಲ್ಲಿ ಎರಡು ವರ್ಷದ ಪದವಿ ಪಡೆದ, ಕೈದಿಗಳ ಕವಿಗೋಷ್ಠಿ ಏರ್ಪಡಿಸಿದ.

ಇಲ್ಲಿಯವರೆಗೆ ನಿಮ್ಮ ಅನುಮಾನಕ್ಕೆ ಜಾಗವಿದೆ. ಓದು, ಕವಿತೆ, ಸನ್ನಡತೆ, ಇವೆಲ್ಲ ಪೆರೋಲ್ ಕಡತದಲ್ಲಿ ಚೆನ್ನಾಗಿಯೇ ಕಾಣುತ್ತವೆ.

ಆ ಜಾಗವನ್ನು ಅಳಿಸಿದ ಘಟನೆ ನಡೆದದ್ದು 2002ರಲ್ಲಿ. ಜೈಲಿನ ಕಾಲೇಜಿನಲ್ಲಿ ಏಷ್ಯನ್ ಅಮೆರಿಕನ್ನರ ಚರಿತ್ರೆಯನ್ನೂ ಕಲಿಸಿ ಎಂದು ಕೇಳುವ ಮನವಿಗೆ ಕೆಲವು ಕೈದಿಗಳು ಸಹಿ ಹಾಕಿದರು. ಎಡ್ಡಿ ಅವರಲ್ಲಿ ಒಬ್ಬ. ಕೇಳಿದ್ದು ಪಾಠ ಅಷ್ಟೇ, ಬಿರಿಯಾನಿಯನ್ನಲ್ಲ, ಬಿಡುಗಡೆಯನ್ನಲ್ಲ. ಕೋಣೆಗಳ ತಪಾಸಣೆಯಾಯಿತು, ಅವನನ್ನು ಏಕಾಂತ ಸೆರೆಗೆ ದೂಡಿದರು. ಹನ್ನೊಂದು ತಿಂಗಳು. ಪೆರೋಲಿಗಾಗಿ ಕಾಯುತ್ತಿರುವವನಿಗೆ ಇದಕ್ಕಿಂತ ಕೆಟ್ಟ ದಾಖಲೆ ಬೇಕೇ? ನಾಟಕವಾಡುವವನು ಬಾಯಿ ಮುಚ್ಚಿಕೊಂಡು ಇರುತ್ತಿದ್ದ. ಲಾಭವಿಲ್ಲದ, ನಷ್ಟವೇ ಖಚಿತವಾದ ಕಡೆ ಸಹಿ ಹಾಕಿದ್ದು ನನ್ನ ಮಟ್ಟಿಗೆ ಸಾಕ್ಷಿ. ಇಲ್ಲಿಂದ ಮುಂದೆ ನಾನು ಬಹುವಚನ ಬಳಸುತ್ತೇನೆ. ಹೊರಗಿದ್ದ ಗೆಳೆಯರೂ ಇದೇ ಸಂದರ್ಭದಲ್ಲಿ ಒಟ್ಟಾಗಿ ‘ಏಷ್ಯನ್ ಪ್ರಿಸನರ್ ಸಪೋರ್ಟ್ ಕಮಿಟಿ’ ಕಟ್ಟಿದರು.

2005ರಲ್ಲಿ ಕೊನೆಗೂ ಪೆರೋಲ್ ಸಿಕ್ಕಿತು. ಇಂಥ ಕಥೆ ಹೇಳಿದರೆ ನಮ್ಮವರು ಥಟ್ಟನೆ ವಾಲ್ಮೀಕಿಯನ್ನು ಎಳೆದು ತರುತ್ತಾರೆ. ವ್ಯತ್ಯಾಸ ಇಷ್ಟೇ: ಹುತ್ತದಿಂದ ಎದ್ದು ಬಂದ ವಾಲ್ಮೀಕಿಯ ಬಳಿ ಯಾರೂ ವಲಸೆ ಕಾಗದ ಕೇಳಲಿಲ್ಲ. ಝೆಂಗ್ ಹೊರಬಂದದ್ದು ಮನೆಗಲ್ಲ, ವಲಸೆ ಇಲಾಖೆಯ ವಶಕ್ಕೆ. ಹತ್ತೊಂಬತ್ತು ವರ್ಷದ ಜೈಲಿನ ಮೇಲೆ ಸುಮಾರು ಎರಡು ವರ್ಷ ಗಡೀಪಾರಿಗಾಗಿ ಬಂಧನ. ಅಮೆರಿಕ 1996ರಲ್ಲಿ ಮಾಡಿದ ಕಾನೂನು ‘ಉಗ್ರ ಅಪರಾಧ’ದ ಪಟ್ಟಿಯನ್ನು ವಿಪರೀತ ಹಿಗ್ಗಿಸಿತು. ಹತ್ತು ವರ್ಷ ಹಿಂದಿನ ತಪ್ಪಿಗೂ ಅದು ಅನ್ವಯ. ಕಳ್ಳತನಕ್ಕೆ ಒಂದು ವರ್ಷದ ಶಿಕ್ಷೆಯಾಗಿದ್ದರೆ ಸಾಕು, ಅದು ಅಮಾನತಿನಲ್ಲಿಟ್ಟ ಶಿಕ್ಷೆಯಾದರೂ ಸರಿ, ಗ್ರೀನ್ ಕಾರ್ಡ್ ಇದ್ದವರೂ ಹೋಗಬೇಕು. ಅದೇ ತಪ್ಪು ಮಾಡಿದ ಅಮೆರಿಕದ ಪ್ರಜೆ ಶಿಕ್ಷೆ ಮುಗಿಸಿ ಮನೆಗೆ ಹೋಗುತ್ತಾನೆ. ವಲಸಿಗನಿಗೆ ಜೈಲಿನ ಬಾಗಿಲಾಚೆ ಇನ್ನೊಂದು ಬಾಗಿಲು.

ನಾನು ಪೌರತ್ವದ ಅರ್ಜಿ ತುಂಬುವಾಗ ಒಂದು ಪ್ರಶ್ನೆಗೆ ಪೆನ್ನು ನಿಂತಿತ್ತು: ಬಂಧನಕ್ಕೊಳಗಾಗದಿದ್ದರೂ, ನೀವು ಎಂದಾದರೂ ಅಪರಾಧ ಮಾಡಿದ್ದೀರಾ? ಊರಿನ ಶಾನುಭೋಗರ ತೋಟದ ಮಾವಿನಕಾಯಿ ನೆನಪಾಯಿತು. ನಕ್ಕು ‘ಇಲ್ಲ’ ಎಂದು ಬರೆದೆ. ಸಿಕ್ಕಿಬೀಳದವರ ನಗು ಅದು. ಅಮೆರಿಕದ ಕನ್ನಡಿಗರ ಯುಗಾದಿ ಊಟದಲ್ಲಿ ಇಂಥ ವಿಷಯ ಎತ್ತಿದರೆ ‘ಅವರೆಲ್ಲ ಬೇರೆ ಬಿಡಿ’ ಎಂದು ಹೋಳಿಗೆಗೆ ತುಪ್ಪ ಬಡಿಸಿಬಿಡುತ್ತಾರೆ.

ಝೆಂಗ್ 2007ರ ಫೆಬ್ರವರಿಯಲ್ಲಿ ಹೊರಬಂದರು. ವಾಪಸು ಕಳಿಸಲು ಬೇಕಾದ ಪ್ರಯಾಣದ ಕಾಗದವನ್ನು ಚೀನಾ ಕೊಡದಿದ್ದುದು ಅದಕ್ಕೆ ಕಾರಣ. ಯಾರ ಕರುಣೆಯೂ ಅಲ್ಲ. ಗಡೀಪಾರಿನ ಆದೇಶ ತಲೆಯ ಮೇಲೆ ತೂಗುತ್ತಲೇ ಇತ್ತು. ಹಾಗಿದ್ದೂ ಸ್ಯಾನ್ ಫ್ರಾನ್ಸಿಸ್ಕೊದ ಹಾದಿ ತಪ್ಪುತ್ತಿದ್ದ ವಲಸಿಗ ಹುಡುಗರ ನಡುವೆ ಕೆಲಸ ಆರಂಭಿಸಿದರು. ತಮಗಾಗಿ ಹುಟ್ಟಿದ್ದ ಆ ಸಮಿತಿಯ ಹೊಣೆಯನ್ನೂ ಹೊತ್ತರು. ನನಗೆ ಅತ್ಯಂತ ಇಷ್ಟವಾದ ಸಂಗತಿ ಇದು: 2013ರಲ್ಲಿ ಆ ಸಮಿತಿ ‘ರೂಟ್ಸ್’ ಎಂಬ ತರಗತಿಯನ್ನು ಶುರುಮಾಡಿತು. ವಲಸಿಗ ಕೈದಿಗಳಿಗೆ ಅವರವರ ಸಮುದಾಯಗಳ ಚರಿತ್ರೆಯನ್ನು ಕಲಿಸುವ ತರಗತಿ. ನಡೆದದ್ದು ಸ್ಯಾನ್ ಕ್ವೆಂಟಿನ್‌ನಲ್ಲೇ. ಹನ್ನೊಂದು ವರ್ಷಗಳ ಹಿಂದೆ ಯಾವ ಪಾಠ ಕೇಳಿದ್ದಕ್ಕೆ ಹನ್ನೊಂದು ತಿಂಗಳ ಏಕಾಂತ ಸಿಕ್ಕಿತ್ತೋ, ಹೆಚ್ಚುಕಡಿಮೆ ಅದೇ ಪಾಠ.

2015ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕ್ಷಮಾದಾನ ನೀಡಿದರು. ಅದರಿಂದ ಗಡೀಪಾರಿನ ಗಂಟು ಬಿಚ್ಚುವ ದಾರಿ ತೆರೆಯಿತು. 2017ರಲ್ಲಿ ಅವರು ಅಮೆರಿಕದ ಪ್ರಜೆಯಾದರು, ಆ ನೆಲಕ್ಕೆ ಕಾಲಿಟ್ಟು ಮೂವತ್ತೈದು ವರ್ಷಗಳ ನಂತರ. ಅದೇ ವರ್ಷ ‘ನ್ಯೂ ಬ್ರೆತ್ ಫೌಂಡೇಶನ್’ ಕಟ್ಟಿದರು. ಜೈಲು, ಗಡೀಪಾರು, ಹಿಂಸೆಯ ಪೆಟ್ಟು ತಿಂದ ಏಷ್ಯನ್ ಮತ್ತು ಪೆಸಿಫಿಕ್ ದ್ವೀಪಗಳ ಮೂಲದವರ ನಡುವೆ ದುಡಿಯುವ ಸಣ್ಣ ಸಂಘಗಳಿಗೆ ಅದು ಹಣ ಒದಗಿಸುತ್ತದೆ.

ಇಷ್ಟಾದ ಮೇಲೂ ಒಂದು ಮುಳ್ಳು ಉಳಿಯುತ್ತದೆ, ಅದನ್ನು ಮುಚ್ಚಿಡಲಾರೆ. ಆ ವ್ಯಾಪಾರಿಯ ಮನೆಯವರು. ಝೆಂಗ್ ಬದಲಾದರು ಎಂಬುದಕ್ಕೆ ನಾನು ನೀವು ತಲೆದೂಗಬಹುದು. ಕ್ಷಮಿಸುವುದು, ಕ್ಷಮಿಸದಿರುವುದು ಅವರಿಗೆ ಬಿಟ್ಟದ್ದು. ಕ್ಷಮಿಸದಿದ್ದರೆ ಅದು ಝೆಂಗ್ ಅವರ ಬದಲಾವಣೆಯನ್ನು ಸುಳ್ಳಾಗಿಸುವುದಿಲ್ಲ. ಕ್ಷಮಿಸಿದ್ದರೆ ಆ ರಾತ್ರಿ ಅಳಿಸಿಹೋಗುವುದೂ ಇಲ್ಲ.

ನೀವು ಕೇಳದಿದ್ದರೂ ಒಂದು ಮಾತು, ಏಕೆಂದರೆ ಇದನ್ನು ಓದುವವರ ಮಗನೋ ಅಳಿಯನೋ ಅಮೆರಿಕದಲ್ಲಿ ಇರಬಹುದು. ಅಲ್ಲಿ ಯಾವುದೇ ಕೇಸಿನಲ್ಲಿ, ಅಂಗಡಿಯಲ್ಲಿ ಏನನ್ನೋ ಜೇಬಿಗಿಳಿಸಿದ ಕೇಸಾದರೂ ಸರಿ, ತಪ್ಪೊಪ್ಪಿಗೆಗೆ ಸಹಿ ಹಾಕುವ ಮುಂಚೆ ‘ನಾನು ಇಲ್ಲಿನ ಪ್ರಜೆಯಲ್ಲ’ ಎಂದು ವಕೀಲರಿಗೆ ಹೇಳಲೇಬೇಕು. ಗಡೀಪಾರಿನ ಅಪಾಯವನ್ನು ತಿಳಿಸುವುದು ವಕೀಲರ ಕರ್ತವ್ಯ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಯಾ ಎಂಬವರ ಪ್ರಕರಣದಲ್ಲಿ ಹೇಳಿದೆ. ಆತ ಹೊಂಡುರಾಸ್‌ನಿಂದ ಬಂದ ಲಾರಿ ಚಾಲಕ, ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು, ನಲವತ್ತು ವರ್ಷಗಳಿಂದ ಅಲ್ಲೇ ಇದ್ದವರು. ಇಷ್ಟು ವರ್ಷ ಇದ್ದೀರಲ್ಲ, ಚಿಂತೆ ಬೇಡ ಎಂದಿದ್ದರಂತೆ ಅವರ ವಕೀಲರು. ಝೆಂಗ್ ಅವರಿಗೆ ಚೀನಾ ಕಾಗದ ಕೊಡಲಿಲ್ಲ. ಭಾರತವಾದರೋ, ತನ್ನ ಪ್ರಜೆಯೆಂದು ಖಚಿತವಾದರೆ ಕೊಡುತ್ತದೆ.