ಆನೆ ಪೈಸೆಗೆ ಲಕ್ಷ ಬೆಲೆಯೇ?

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಆನೆ ಚಿತ್ರದ ತಾಮ್ರದ ನಾಣ್ಯ ಸಿಕ್ಕಿದೆ, ಹಿಂಬದಿ ಪರ್ಷಿಯನ್ ಅಕ್ಷರ. ಹುಣಸೆಹಣ್ಣು ಹಾಕಿ ತಿಕ್ಕಬಹುದೇ? ಲಕ್ಷ ಬೆಲೆಯಂತೆ, ನಿಜವೇ?

ಉತ್ತರ: ತಿಕ್ಕಲೇಬೇಡಿ. ಹುಳಿ ಮೇಲ್ಪದರವನ್ನೇ ತಿನ್ನುತ್ತದೆ. ಪಳಪಳ ಹೊಳೆಯುವ ಹಳೆ ತಾಮ್ರ ಕಂಡರೆ ಸಂಗ್ರಾಹಕರು ಮುಖ ತಿರುಗಿಸುತ್ತಾರೆ. ವಿವರಣೆ ನೋಡಿದರೆ ಇದು ಟಿಪ್ಪುವಿನ ನಾಣ್ಯ ಇರಬಹುದು. ಚಿನ್ನದಂಗಡಿಯಲ್ಲಿ ತೂಗಿಸಿ: ಪೈಸೆ ಸುಮಾರು 11 ಗ್ರಾಂ, ಅರ್ಧ ಪೈಸೆ ಐದೂವರೆ. ಆನೆಯ ಮೇಲೆ ಕನ್ನಡದ ‘ಶ್ರೀ’ ಇದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದು. ಟಿಪ್ಪು ಜಾರಿಗೆ ತಂದ ಕಾಲಗಣನೆಯಾದ ಮೌಲೂದಿ ಶಕದ ಇಸವಿಯನ್ನು ಬಲದಿಂದ ಎಡಕ್ಕೆ ಓದಬೇಕು. 1218 ಎಂಬುದು 8121ರಂತೆ ಕಾಣುತ್ತದೆ. ಸೊಂಡಿಲು, ಇಸವಿ, ಟಂಕಸಾಲೆಯ (ನಾಣ್ಯ ಅಚ್ಚುಹಾಕುವ ಜಾಗ) ಹೆಸರು ಮೂರೂ ಸ್ಪಷ್ಟವಿದ್ದರೆ ಒಳ್ಳೆಯ ದರ್ಜೆ. ಲಕ್ಷದ ಮಾತು ಬಿಡಿ: ಶ್ರೀರಂಗಪಟ್ಟಣದ ಟಂಕಸಾಲೆಯ ಸವೆದ ಪೈಸೆಗೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ ಅಷ್ಟೆ.