ರಸ್ಕ್, ಮಾರಿ ಬಿಸ್ಕತ್ತು, ಎಗ್‌ಲೆಸ್ ಕೇಕ್: ನಮ್ಮ ಬೇಕರಿ ತಿಂಡಿಗಳ ಮೂಲ ಎಲ್ಲಿ?

ರಸ್ಕಿನಿಂದಲೇ ಶುರು ಮಾಡೋಣ. 'ಬಿಸ್ಕತ್ತು' ಅನ್ನುವ ಪದಕ್ಕೆ ಲ್ಯಾಟಿನ್ ಮೂಲದಲ್ಲಿ 'ಎರಡು ಸಲ ಬೇಯಿಸಿದ್ದು' ಅಂತ ಅರ್ಥ. ಹಡಗಿನವರಿಗೆ ತಿಂಗಳುಗಟ್ಟಲೆ ಕೆಡದ ತಿಂಡಿ ಬೇಕಿತ್ತು, ಹಾಗಾಗಿ ಒಳಗಿನ ನೀರಿನಂಶ ಹೋಗುವ ತನಕ ಒಣಗಿಸುತ್ತಿದ್ದರು. ಈ ಲೆಕ್ಕದಲ್ಲಿ ಮೈಸೂರಿನ ದೇವರಾಜ ಮಾರ್ಕೆಟ್ ಸುತ್ತ ಟೀಗೆ ಅದ್ದಿ ತಿನ್ನುವ ರಸ್ಕೇ ನಿಜವಾದ ಬಿಸ್ಕತ್ತು! ಬ್ರೆಡ್ ಸುಟ್ಟು, ಹೋಳು ಮಾಡಿ, ಮತ್ತೆ ಓವನ್ನಿಗೆ ಹಾಕುತ್ತಾರೆ. ಎರಡು ಸೆಕೆಂಡ್ ಜಾಸ್ತಿ ಅದ್ದಿದರೆ ಅರ್ಧ ಲೋಟದ ತಳ ಸೇರುತ್ತದೆ, ಅಲ್ವಾ?

ಮಾರಿ ಬಿಸ್ಕತ್ತು 1874ರಲ್ಲಿ ಲಂಡನ್ನಿನ ಪೀಕ್ ಫ್ರೀನ್ಸ್ ಕಂಪನಿ ಮಾಡಿದ್ದು. ರಷ್ಯಾದ ರಾಜಕುಮಾರಿ ಮರಿಯಾ ಇಂಗ್ಲೆಂಡಿನ ರಾಜಕುಮಾರನನ್ನು ಮದುವೆಯಾದಾಗ ಅವಳ ಹೆಸರಿಟ್ಟರು.

ಬ್ರೆಡ್ ಇವೆಲ್ಲಕ್ಕಿಂತ ತುಂಬಾ ಹಳೆಯದು. ಜೋರ್ಡಾನಿನಲ್ಲಿ ಸುಮಾರು 14,000 ವರ್ಷ ಹಿಂದಿನ, ಸುಟ್ಟು ಕರಕಲಾದ ರೊಟ್ಟಿ ಚೂರು ಸಿಕ್ಕಿವೆ. ಅಂದರೆ ಬೇಸಾಯಕ್ಕಿಂತ ಮೊದಲೇ! ನಮ್ಮ 'ಪಾವ್' ಪೋರ್ಚುಗೀಸರ ಪದ.

ಇನ್ನು ಎಗ್‌ಲೆಸ್ ಕೇಕ್. ಮೊಟ್ಟೆ ಇಲ್ಲದೆ ಕೇಕ್ ಉಬ್ಬಿಸುವುದಕ್ಕೆ ಬೇಕಿಂಗ್ ಪೌಡರ್ ಬೇಕು. ಅದನ್ನು 1843ರಲ್ಲಿ ಮಾಡಿದ್ದು ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್. ಅವನ ಹೆಂಡತಿಗೆ ಈಸ್ಟ್ ಆಗುತ್ತಿರಲಿಲ್ಲ, ಪಾಪ. ಹಾಸನದ ಕಡೆಯ ಅಯ್ಯಂಗಾರ್ ಬೇಕರಿಯವರಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಖಾರಾ ಬನ್ನಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿದ್ದು ಮಾತ್ರ ಯಾವ ಇಂಗ್ಲಿಷಿನವನೂ ಅಲ್ಲ.